ಆಶೋದಯ ಸಮಿತಿ

ಮೈಸೂರು ನಗರದ ಲೈಂಗಿಕ ವೃತ್ತಿನಿರತರು ತಾವೇ ಕಟ್ಟಿಕೊಂಡು ತಾವೇ ನಡೆಸುತ್ತ ಬಂದಿರುವ ಸಂಘಟನೆ. ಇದರ ಪೂರ್ವವೃತ್ತಾಂತ ಹೀಗಿದೆ: ಸೈನಿಕರ ಆರೋಗ್ಯರಕ್ಷಣೆಯ ನೆಪದಲ್ಲಿ ಈ ವೃತ್ತಿಯ ಸ್ತ್ರೀಯರನ್ನು ಬಲಾತ್ಕಾರದ ತಪಾಸಣೆಗೆ ಗುರಿಪಡಿಸಿದ 1868ರ ಸಾಂಕ್ರಾಮಿಕ ರೋಗ ಶಾಸನ, 1986ರಲ್ಲಿ ಮದರಾಸಿನ ಲೈಂಗಿಕ ವೃತ್ತಿನಿರತರಲ್ಲಿ ಭಾರತದ ಮಟ್ಟಿಗೆ ಎಚ್‌ಐವಿ ಮೊದಲು ಪತ್ತೆಯಾದುದು, ಕಲಕತ್ತೆಯ ವೇಶ್ಯಾವಾಟಿಕೆ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ 1992ರಲ್ಲಿ ತೊಡಗಿದ ಆರೋಗ್ಯಕಾರ್ಯದಿಂದ 1995ರಲ್ಲಿ ಅಲ್ಲಿನ ಲೈಂಗಿಕ ವೃತ್ತಿನಿರತರದೇ ಸಂಘಟನೆಯಾದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಮೈದಳೆದುದು.

ಆ ಮಾದರಿಯನ್ನು ಇದ್ದಂತೆಯೇ ಮೈಸೂರಿಗೆ ತರುವಂತಿರಲಿಲ್ಲ. ಸೋನಾಗಾಚಿಯಂತಹ ವೇಶ್ಯಾವಾಟಿಕೆ ಇಲ್ಲಿರದೆ, ಬಸ್‌ನಿಲ್ದಾಣದಲ್ಲಿಯೂ ಬೀದಿಗಳಲ್ಲಿಯೂ ಗಿರಾಕಿಗಳನ್ನು ಕಂಡು ಲಾಡ್ಜುಗಳಿಗೆ ತೆರಳುತ್ತಿದ್ದ ಹೆಂಗಸರಿಗೆ ರೋಗಕ್ಕಿಂತ ಮೊದಲು ಪೋಲೀಸರ ಲಾಠಿಯೂ ರೌಡಿಗಳ ಹಾವಳಿಯೂ ಭಯವಾಗಿದ್ದವು. ಗೇಟ್ಸ್ ಪ್ರತಿಷ್ಠಾನದ ಎಚ್‌ಐವಿ ತಡೆ ಕಾರ್ಯಕ್ರಮವಾದ ಆವಾಹನ್‌ನ ಅಂಗವಾಗಿ 2004ರಲ್ಲಿ ಇಲ್ಲಿ ಆರಂಭವಾದ ಆರೋಗ್ಯಯೋಜನೆಯಲ್ಲಿ ವೃತ್ತಿಯ ಠಾವುಗಳನ್ನು ಗುರುತಿಸಿ ನಕ್ಷೆ ಮಾಡಿಕೊಟ್ಟವರು ಈ ಹೆಂಗಸರೇ. ಮರುವರ್ಷ ಅವರದೇ ಸಮಿತಿಯೂ ರೂಪುಗೊಂಡಿತು. ಸಂಗಾತಿಯೊಬ್ಬಳು ಠಾಣೆಯಲ್ಲಿದ್ದಾಳೆಂಬ ಸುದ್ದಿ ಫೋನಿನಲ್ಲಿ ಬಂದೊಡನೆ ನಾಲ್ವರು ಕೂಡಿ ಅಲ್ಲಿಗೆ ಹೋಗಿ ನಿಲ್ಲುವುದು ಅಂದಿನಿಂದ ಸಮಿತಿಯ ನಿತ್ಯವ್ಯವಹಾರವಾಯಿತು.

ಯೋಜನೆಯ ಫಲಿತಾಂಶದ ವಿಷಯದಲ್ಲಿ ಕೊಂಚ ಗೊಂದಲವುಂಟು. 2004 ಮತ್ತು 2006ರಲ್ಲಿ ಈ ಹೆಂಗಸರಲ್ಲಿ ನಡೆದ ಸಮೀಕ್ಷೆಗಳ ನಡುವೆ ಸಿಫಿಲಿಸ್ ಶೇ. 25ರಿಂದ 12ಕ್ಕೂ ಗೊನೋರಿಯಾ ಶೇ. 5ರಿಂದ 2ಕ್ಕೂ ಇಳಿದವು. ಎಚ್‌ಐವಿ ಮಾತ್ರ ಶೇ. 26ರಿಂದ 24ಕ್ಕೆ ಬಂದು ಬಹುಮಟ್ಟಿಗೆ ಇದ್ದಲ್ಲಿಯೇ ನಿಂತಿತು. ಇದನ್ನು ಸೋಲೆಂದು ಎಣಿಸುವುದು ಸರಿಯಲ್ಲ. ಮೊದಲಿನವೆರಡೂ ಔಷಧದಿಂದ ಗುಣವಾಗಿ ಲೆಕ್ಕದಿಂದ ಕಳೆಯುವ ವ್ಯಾಧಿಗಳು. ಎಚ್‌ಐವಿಯಾದರೋ ಒಮ್ಮೆ ತಗುಲಿದವರು ಜೀವಿಸಿರುವವರೆಗೂ ಲೆಕ್ಕದಲ್ಲಿ ಉಳಿಯುವುದರಿಂದ, ಹೊಸ ಸೋಂಕು ತಗ್ಗಿದರೂ ಒಟ್ಟು ಪ್ರಮಾಣ ಬೇಗನೆ ಇಳಿಯದು. ಹಾಗೆಂದು ಈ ಇಳಿಕೆಯೆಲ್ಲವೂ ಸಂಘಟನೆಯೊಂದರ ಫಲವೆನ್ನಲೂ ಬರುವಂತಿಲ್ಲ. ಹೋಲಿಕೆಗೆ ಬೇರೊಂದು ಗುಂಪನ್ನಿಟ್ಟುಕೊಳ್ಳದ ಈ ಸಮೀಕ್ಷೆಗಳು ಅಷ್ಟು ದೂರದ ತೀರ್ಮಾನಕ್ಕೆ ಆಧಾರವಾಗಲಾರವು. ಯೋಜನೆಯ ಕಾಂಡೋಮ್ ಹಂಚಿಕೆಯ ಪ್ರಮಾಣವನ್ನಷ್ಟೇ ಹಿಡಿದು ಬರೆದ ವೃತ್ತಾಂತಗಳು ಸಂಗಾತಿಯರಿಗಾಗಿ ಠಾಣೆಯ ಬಾಗಿಲಿಗೆ ಹೋಗಿ ನಿಲ್ಲುವ ದುಡಿಮೆಯನ್ನು ಗಣನೆಗೆ ತಂದುಕೊಳ್ಳದಿರುವುದು ಮತ್ತೊಂದು ಕೊರತೆ. ಲಾಠಿಗೆ ಹೆದರಿ ಕತ್ತಲೆಗೆ ಓಡುವವಳಿಗೆ ಗಿರಾಕಿಯೊಡನೆ ಕಾಂಡೋಮಿನ ಮಾತೆತ್ತುವಷ್ಟು ವ್ಯವಧಾನವಾದರೂ ಎಲ್ಲಿಯದು?

ಇವಲ್ಲದೆ ಸಮಿತಿಯ ಸದಸ್ಯರು ನಗರದಲ್ಲಿ ಹೋಟೆಲೊಂದನ್ನೂ ನಡೆಸಿದರು. ಎಚ್‌ಐವಿ ತಗುಲದಂತೆ ದಿನಕ್ಕೊಂದು ಮಾತ್ರೆ ಸೇವಿಸುವ ಪ್ರಯೋಗವನ್ನು ದುರ್ಬಾರ್ ಕಲಕತ್ತೆಯಲ್ಲಿಯೂ ಆಶೋದಯ ಮೈಸೂರಿನಲ್ಲಿಯೂ ಕೈಗೊಂಡವು.

ಪೋಲೀಸರ ಭಯದ ಹಿಂದಿರುವ ಕಾನೂನಿನ ಮಾತಿಗೆ ಬಂದರೆ, ವೇಶ್ಯಾಗೃಹಗಳ ಮೇಲೆ ದಾಳಿ ನಡೆದಾಗ ಸ್ವಇಚ್ಛೆಯಿಂದ ವೃತ್ತಿಯಲ್ಲಿರುವವರನ್ನು ಬಂಧಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2022ರ ಮೇ 19ರಂದು ನಿರ್ದೇಶಿಸಿತು. ಆದರೆ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದನ್ನು ದಂಡನೀಯವೆನ್ನುವ 1956ರ ಅನೈತಿಕ ವ್ಯವಹಾರ (ತಡೆ) ಅಧಿನಿಯಮದ 8ನೆಯ ಪ್ರಕರಣ ಆ ನಿರ್ದೇಶನದಿಂದ ರದ್ದಾಗಲಿಲ್ಲ. ಬೀದಿಯಲ್ಲಿಯೇ ವೃತ್ತಿ ನಡೆಸುವ ಮೈಸೂರಿನ ಹೆಂಗಸರಿಗೆ ನೇರವಾಗಿ ತಾಗುವುದು ಆ ಪ್ರಕರಣವೇ.