ಹಲ್ಲು ಕಚ್ಚಿ ಕಳೆದ ವರ್ಷ

ಕಷ್ಟದ ದಿನಗಳನ್ನು 'ಹಲ್ಲು ಕಚ್ಚಿಕೊಂಡು' ಕಳೆದೆವು ಎನ್ನುವುದು ರೂಢಿಯ ಮಾತು. ಕೋವಿಡ್ ಹರಡಿದ 2020ರಲ್ಲಿ ಅದು ಅಕ್ಷರಶಃ ನಿಜವಾಯಿತು. ಚಿಂತೆ ಹೊತ್ತು ಮಲಗಿದ ಜನ ನಿದ್ದೆಯಲ್ಲಿ ಹಲ್ಲು ಕಡಿದರು. ಹಲ್ಲು ಬಿರುಕು ಬಿಟ್ಟರೂ ದಂತವೈದ್ಯರ ಬಳಿಗೆ ಹೋಗಲು ಹೆದರಿದರು. ಹಲ್ಲು ಕೆಡಿಸಿದ್ದೂ ಭಯ, ಚಿಕಿತ್ಸೆಗೆ ಅಡ್ಡ ನಿಂತದ್ದೂ ಭಯ.

ಈ ಭಯಕ್ಕೆ ಕಾರಣವಿರಲಿಲ್ಲವೆಂದಲ್ಲ. 1957ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ, ಗಾಳಿಯ ಒತ್ತಡದಿಂದ ನಡೆಯುವ ಹಲ್ಲು ಕೊರೆಯುವ ಯಂತ್ರ ನಿಮಿಷಕ್ಕೆ ಲಕ್ಷಾಂತರ ಸುತ್ತು ತಿರುಗುತ್ತದೆ. ಹಲ್ಲು ಬಿಸಿಯಾಗದಿರಲೆಂದು ಚಿಮ್ಮಿಸುವ ನೀರು ಎಂಜಲಿನೊಡನೆ ಬೆರೆತು ಮಂಜಿನಂತೆ ಗಾಳಿಗೇರುತ್ತದೆ. ಬಾಯಿ ತೆರೆದ ರೋಗಿ, ಅವನ ಮುಖದ ಮೇಲೆ ಬಾಗಿದ ವೈದ್ಯ, ಇಬ್ಬರಿಗೂ ಅಂಜಿಕೆ ಸಹಜವಾಗಿತ್ತು. ಇಂಗ್ಲೆಂಡಿನಲ್ಲಿ 2020ರ ಮಾರ್ಚ್ 25ರಂದು ನಿಂತ ಸಾಮಾನ್ಯ ದಂತ ಚಿಕಿತ್ಸೆ ಮತ್ತೆ ಆರಂಭವಾದದ್ದು ಜೂನ್ 8ರಿಂದ. ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮೇ ತಿಂಗಳ ಸೂಚನೆಗಳು ಕೆಂಪು ವಲಯಗಳಲ್ಲಿ ತುರ್ತು ಚಿಕಿತ್ಸೆಗಷ್ಟೇ ಅವಕಾಶ ನೀಡಿದವು.

ಬಾಗಿಲು ತೆರೆದರೂ ಭಯ ಹೋಗಲಿಲ್ಲ. ಅಮೆರಿಕದ ದಂತವೈದ್ಯರ ಸಂಘ 2020ರ ಜೂನ್‌ನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸೋಂಕು ತಗುಲಿದ ವೈದ್ಯರ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆ. ಆದರೆ ಅಂಕಿ ಅಂಶಗಳಿಂದ ಮನಸ್ಸಿಗೆ ಸಮಾಧಾನವಾಗುವುದು ಅಪರೂಪ. ಕೊರೆಯುವ ಸದ್ದಿಗೆ ಮೊದಲೇ ಹೆದರುತ್ತಿದ್ದವರಿಗೆ ಈಗ ಯಾರೂ ಆಕ್ಷೇಪಿಸಲಾಗದ ನೆಪ ಸಿಕ್ಕಿತು. ಸಣ್ಣ ಹುಳುಕು ನರದವರೆಗೆ ಇಳಿಯಿತು. ಸಿಮೆಂಟು ತುಂಬಿ ಉಳಿಸಬಹುದಾಗಿದ್ದ ಹಲ್ಲನ್ನು ಕೀಳಿಸಬೇಕಾಯಿತು.

ಇತ್ತ ಹಲ್ಲು ಕಡಿಯುವುದೂ ಹೆಚ್ಚಿತು. ಆತಂಕ ದವಡೆಯ ಸ್ನಾಯುಗಳನ್ನು ಬಿಗಿಯುತ್ತದೆ, ನಿದ್ದೆಯನ್ನು ಕದಡುತ್ತದೆ. ಬೆಳಿಗ್ಗೆ ತಲೆನೋವಿನೊಡನೆ ಎದ್ದವನಿಗೆ ರಾತ್ರಿಯೆಲ್ಲ ಹಲ್ಲು ಮಸೆದದ್ದು ತಿಳಿದೇ ಇರುವುದಿಲ್ಲ. 2021ರ ಆರಂಭದಲ್ಲಿ ಅದೇ ಸಂಘ ವಿಚಾರಿಸಿದಾಗ ಸುಮಾರು ಶೇಕಡಾ 70 ವೈದ್ಯರು ಇಂಥ ರೋಗಿಗಳು ಹೆಚ್ಚಿದ್ದಾರೆಂದರು.

ದಂತವೈದ್ಯರ ಕುರ್ಚಿಯ ಸುತ್ತ ಇಂಥ ದಿಗಿಲು ಹಬ್ಬಿದ್ದು ಇದೇ ಮೊದಲಲ್ಲ. ಏಡ್ಸ್ ಬರುವ ಮುನ್ನ ಅನೇಕ ದಂತವೈದ್ಯರು ಬರಿಗೈಯಲ್ಲೇ ಚಿಕಿತ್ಸೆ ಮಾಡುತ್ತಿದ್ದರು. 1990ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ದಂತವೈದ್ಯನಿಂದಲೇ ರೋಗಿಗೆ ಸೋಂಕು ತಗುಲಿರಬಹುದೆಂಬ ವರದಿ ಬಂದಾಗ ದೇಶವೇ ಬೆಚ್ಚಿತು. ಮರುವರ್ಷ ಅಲ್ಲಿ ಕೈಗವಸು, ಮುಖಗವಸುಗಳನ್ನು ಸರ್ಕಾರಿ ನಿಯಮವೇ ಕಡ್ಡಾಯಗೊಳಿಸಿತು. ಇಂದು ಬರಿಗೈಯ ವೈದ್ಯರನ್ನು ಕಂಡರೆ ರೋಗಿಯೇ ಎದ್ದು ಹೋದಾನು. ಆಗಿನ ಭಯ ಒಂದು ಒಳ್ಳೆಯ ಅಭ್ಯಾಸವನ್ನು ಉಳಿಸಿ ಹೋಯಿತು.

ಕೋವಿಡ್ ಕಾಲದ ಭಯವೂ ಎಚ್ಚರ ಕಲಿಸಿತು, ನಿಜ. ಆದರೆ ಎಚ್ಚರ ಬೇರೆ, ಮುಂದೂಡುವುದು ಬೇರೆ. ಮುರಿದ ಮೂಳೆ ಕಾಲಕ್ರಮದಲ್ಲಿ ಕೂಡಿಕೊಳ್ಳುತ್ತದೆ. ಬಿರುಕು ಬಿಟ್ಟ ಹಲ್ಲು ತಾನಾಗಿ ಕೂಡುವುದಿಲ್ಲ.