ಯೆಜ್ಡಿಯ ಕೆಮ್ಮು, ಮೈಸೂರಿನ ಕಾರ್ಖಾನೆ

ತುಂಬಾ ದಿನದಿಂದ ಏನೂ ಬರೆಯದೆ ಕೂತಿದ್ದೆ. ಆಫೀಸಿನಲ್ಲಿ ರಿಲೀಸ್, ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ರಿಲೀಸ್. ಮೊನ್ನೆ ನಾಲ್ಕು ದಿನ ರಜೆ ಸಿಕ್ಕಿ ಊರಿಗೆ, ಅಂದರೆ ಬೆಳುವಾಯಿಗೆ, ಹೋದಾಗ ಮಾವನ ಯೆಜ್ಡಿ ಕೆಟ್ಟು ನಿಂತಿತ್ತು. ಪೂರ್ತಿ ಕೆಟ್ಟದ್ದೇನಲ್ಲ. ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಐದಾರು ಕಿಲೋಮೀಟರ್ ಹೋದ ಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಎರಡು ಸೆಕೆಂಡ್ ಪವರ್ ಹೋಗುತ್ತದೆ, ಇಂಜಿನ್ನಿನಿಂದ ಕಿಣಿಕಿಣಿ ಅಂತ ಒಂದು ಶಬ್ದ ಬರುತ್ತದೆ, ಮತ್ತೆ ಏನೂ ಆಗದವರ ಹಾಗೆ ಎಳೆಯುತ್ತದೆ. ಏರಿನಲ್ಲಿ ಇದು ಜಾಸ್ತಿ.

ಮಾವ ಅದನ್ನು ತಂದದ್ದು 1986ರಲ್ಲಿ. ಈಗ "ಬೋರಿಂಗ್ ಹೋಗಿದೆ, ಖರ್ಚು ಮಾಡಿ ಪ್ರಯೋಜನ ಇಲ್ಲ, ಗುಜರಿಗೆ ಕೊಡುವುದು" ಎಂದು ತೀರ್ಮಾನಿಸಿದ್ದರು. ಗುಜರಿಯವನು ಸೋಮವಾರ ಬರುವುದೆಂದು ಆಗಿತ್ತು. ನಾನು ತಲುಪಿದ್ದು ಶುಕ್ರವಾರ.

ಆ ಮೂರು ದಿನದ ಕತೆಗೆ ಮೊದಲು ಈ ಗಾಡಿ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಬೇಕು. ಹೊಸ ಹುಡುಗರಿಗೆ ಜಾವಾ ಅಂದರೆ 2018ರಲ್ಲಿ ಬಂದ ಗಾಡಿ. ಅದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಇಂಜಿನ್ನಿನದು. ಹಳೆಯದಕ್ಕೂ ಅದಕ್ಕೂ ಹೆಸರು ಮತ್ತು ಮುಖ ಒಂದೇ, ಹೊಟ್ಟೆ ಬೇರೆ.

ಜಾವಾ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧ ಇಲ್ಲ. ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಅಂತಿಟ್ಟ. ಎರಡನೇ ಮಹಾಯುದ್ಧದಲ್ಲಿ ದೇಶ ಜರ್ಮನರ ಕೈಯಲ್ಲಿದ್ದಾಗ ಅಲ್ಲಿನ ಇಂಜಿನಿಯರುಗಳು ಗುಟ್ಟಾಗಿ 250 ಸಿಸಿ ಟೂ ಸ್ಟ್ರೋಕ್ ಗಾಡಿಯೊಂದನ್ನು ರೂಪಿಸಿ 1946ರಲ್ಲಿ ಹೊರತಂದರು. (ಮ್ಯಾನೇಜರಿಗೆ ಗೊತ್ತಾಗದ ಹಾಗೆ ಸೈಡ್ ಪ್ರಾಜೆಕ್ಟ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಸ್ಫೂರ್ತಿ ಬೇಕೇ? :-) )

ನಮ್ಮ ದೇಶದಲ್ಲಿ ಸ್ವಾತಂತ್ರ್ಯದ ನಂತರ ಆಮದಿಗೆ ಬಿಗಿ ಬಂತು. ಮುಂಬೈಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರಿಗೆ ಇಲ್ಲೇ ತಯಾರಿಸುವುದೊಂದೇ ದಾರಿ. ಹಾಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. 1961ರಲ್ಲಿ ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದ ಆರಂಭದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಅದು ಇರಾನಿನ ಯಜ್ದ್ ಪಟ್ಟಣದ ನೆನಪು. ಚೆಕ್ ದೇಶದ ವಿನ್ಯಾಸ, ಪಾರಸಿಗಳ ಹಣ ಮತ್ತು ಹೆಸರು, ಮೈಸೂರಿನವರ ಕೈಕೆಲಸ... ಆಮೇಲೆ ನಮ್ಮ ಬೆಳುವಾಯಿಯ ಮಣ್ಣುರಸ್ತೆ.

ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್, ಅದೂ ಎಡಗಡೆ. ಕಲಿಯುವಾಗ ನಾನು ಎಷ್ಟು ಸಲ ಕಿಕ್ ಮಾಡಲು ಹೋಗಿ ಗೇರ್ ಹಾಕಿದ್ದೇನೋ! ಮುಖ್ಯ ವಿಷಯ ಎಣ್ಣೆಯದ್ದು. ಈ ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆಯ ಬೇರೆ ಹೊಂಡ ಇಲ್ಲ. ಪೆಟ್ರೋಲಿಗೇ ಎಣ್ಣೆ ಕಲಸಿ ಹಾಕಬೇಕು, ಲೀಟರಿಗೆ 30-40 ಮಿಲಿಯ ಲೆಕ್ಕದಲ್ಲಿ. ಆ ಮಿಶ್ರಣ ಗಾಳಿಯ ಜೊತೆ ಮೊದಲು ಕ್ರಾಂಕ್ ಇರುವ ಕೆಳಗಿನ ಕೋಣೆಗೆ ಹೋಗಿ, ಬೇರಿಂಗು ಪಿಸ್ಟನ್ ಎಲ್ಲವನ್ನೂ ನೆನೆಸಿ, ಆಮೇಲೆ ಮೇಲೆ ಹೋಗಿ ಉರಿಯುತ್ತದೆ. ಅಂದರೆ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು ಅಂತಲೇ ಅರ್ಥ.

ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವಾಗ ಹಳಬರು ನಡುನಡುವೆ ಆಕ್ಸಿಲರೇಟರ್ ತಿರುಪುತ್ತಿದ್ದದ್ದು ಶೋಕಿಗಲ್ಲ. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಒಳಗೆ ಎಣ್ಣೆ ಮಾತ್ರ ಬರುವುದಿಲ್ಲ. ಸ್ವೀಡನ್ನಿನ ಸಾಬ್ ಕಂಪೆನಿ ತನ್ನ ಟೂ ಸ್ಟ್ರೋಕ್ ಕಾರುಗಳಲ್ಲಿ ಇದಕ್ಕಾಗಿಯೇ ಸೈಕಲ್ಲಿನ ಫ್ರೀವೀಲ್ ತರಹದ ವ್ಯವಸ್ಥೆ ಇಟ್ಟಿತ್ತು. ಯಮಹಾ 1964ರಲ್ಲಿ ಆಟೋಲ್ಯೂಬ್ ಎಂಬ ಬೇರೆ ಎಣ್ಣೆ ಪಂಪನ್ನೇ ತಂದಿತು. 1983ರಲ್ಲಿ ಇಲ್ಲಿಗೆ ಬಂದ ರಾಜ್‌ದೂತ್ 350ರಲ್ಲಿ ಅದು ಇತ್ತು. ನಮ್ಮ ಯೆಜ್ಡಿ ಮಾತ್ರ ಓಡಿಸುವವನ ಬುದ್ಧಿಯನ್ನೇ ನಂಬಿಕೊಂಡಿತ್ತು.

ಎಣ್ಣೆಯ ಪದರ ಹರಿದರೆ ಏನಾಗುತ್ತದೆ? ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಎರಕದ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ. ಇರುವ ಕೂದಲೆಳೆಯ ಜಾಗ ಮುಗಿದು ಪಿಸ್ಟನ್ ಗೋಡೆಗೆ ಕಚ್ಚುತ್ತದೆ. ಇದೇ ಸೀಜ್ ಆಗುವುದು. ಕೆಲವೊಮ್ಮೆ ಪೂರ್ತಿ ಹಿಡಿಯದೆ ಒಂದು ಕ್ಷಣ ತಿಕ್ಕಿ ಬಿಟ್ಟುಬಿಡುತ್ತದೆ. ಆಗ ಪವರ್ ಹೋಗಿ ಮತ್ತೆ ಬರುತ್ತದೆ. ಕೂಡಲೇ ಕ್ಲಚ್ ಹಿಡಿದವನು ಬಚಾವ್.

ಹಾಗಾದರೆ ಮಾವ ಹೇಳಿದ್ದೇ ಸರಿಯೇ? ಶನಿವಾರ ಬೆಳಿಗ್ಗೆ ಗಾಡಿಯನ್ನು ಮೂಡುಬಿದಿರೆಯ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಒಯ್ದೆ. ನಾನು ಲ್ಯಾಪ್‌ಟಾಪಿನಲ್ಲಿ ಬಗ್ ಹುಡುಕುವವನ ಗತ್ತಿನಲ್ಲಿ ಪ್ಲಗ್, ಪಾಯಿಂಟ್, ಕಾರ್ಬೊರೇಟರ್ ಅಂತ ಪಟ್ಟಿ ಹೇಳಿದೆ. ಅವರು ಕೇಳಿಸಿಕೊಂಡು, "ಅದು ಇರಲಿ ಮಾರಾಯ. ಮೊದಲು ಶಬ್ದವಾ, ಮೊದಲು ಪವರ್ ಹೋಗುದಾ?" ಅಂದರು.

ನಾನು ಅದನ್ನು ಗಮನಿಸಿಯೇ ಇರಲಿಲ್ಲ ಅಣ್ಣ ಅಂದೆ. "ಹಾಗಾದ್ರೆ ಹೋಗಿ ಗಮನಿಸಿ ಬಾ."

ಕಾರ್ಕಳ ರಸ್ತೆಯಲ್ಲಿ ಹೋಗಿ ಬಂದೆ. ಮೊದಲು ಪವರ್ ಕಡಿಮೆಯಾಗುತ್ತದೆ, ಆಮೇಲೆ ಕಿಣಿಕಿಣಿ. ತಣ್ಣಗಿರುವಾಗ ಶಬ್ದ ಇಲ್ಲ. ಅವರ ಲೆಕ್ಕ ಹೀಗೆ: ಸ್ಟಾರ್ಟ್ ಮಾಡಿದ ಕೂಡಲೇ ಟಕಟಕ ಬಂದು ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸಡಿಲ. ತಳದಿಂದ ಗುದ್ದಿದ ಹಾಗೆ ಕೇಳಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್. ಇದು ಎರಡೂ ಅಲ್ಲ. ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತಿದೆ, ಕಾದ ಮೇಲೆ ಶಬ್ದ.

"ಇನ್ನೊಂದು ಸಲ ಹೋಗು. ಪವರ್ ಹೋದ ಕೂಡಲೇ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆ, ಕಿವಿ ಕೊಡು."

ಮುಚ್ಚಳ ತಿರುಪಿದೆ. ಸ್ಸ್... ಅಂತ ಗಾಳಿ ಒಳಗೆ ನುಗ್ಗಿತು.

ಇಷ್ಟೇ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೊಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಬರಬೇಕು, ಇಲ್ಲದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಆ ತೂತಿನಲ್ಲಿ ತುಕ್ಕು ಮತ್ತು ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ನಾಲ್ಕು ಮಳೆಗಾಲ ಮುಚ್ಚಳ ಯಾರೂ ತೊಳೆಯದ್ದು ನಮ್ಮದೇ ತಪ್ಪು. ಮೆಕ್ಯಾನಿಕ್ ಅಣ್ಣ ಒಂದು ತಂತಿ ಹಾಕಿ ತೆಗೆದರು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ಎಕ್ಸಾಸ್ಟ್ ಕಿಂಡಿಯಿಂದ ಪಿಸ್ಟನ್ ತೋರಿಸಿದರು. ನೆಟ್ಟಗೆ ನಾಲ್ಕೈದು ತೆಳು ಗೀರು ಇತ್ತು. "ಇನ್ನೊಂದು ತಿಂಗಳು ಹೀಗೇ ಓಡಿಸಿದ್ರೆ ನಿಜವಾಗಿ ಬೋರಿಂಗ್ ಹೋಗ್ತಿತ್ತು. ಈಗ ಅಡ್ಡಿಲ್ಲ."

ಅವರು ಕೆಲಸ ಕಲಿತದ್ದು ಎಂಬತ್ತರ ದಶಕದಲ್ಲಂತೆ, ಮೂಡುಬಿದಿರೆ-ಕಾರ್ಕಳದ ಕಡೆ ಯೆಜ್ಡಿ ಜೋರಾಗಿದ್ದ ಕಾಲದಲ್ಲಿ. ಆ ಕಾಲ ಬೇಗ ಮುಗಿಯಿತು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಒಂದು ಪೆಟ್ರೋಲ್ ಉಳಿಸಿತು, ಇನ್ನೊಂದು ಯೆಜ್ಡಿಗಿಂತ ಹಗುರಾಗಿ ಹಾರಿತು. ಆಮೇಲೆ ಹೊಗೆಯ ನಿಯಮ ಬಿಗಿಯಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಗಾಡಿಗಳು ಬಿಟ್ಟಲ್ಲಿ ಉಳಿದವು, ಅಲ್ಲಿ ದುಡಿದವರು ಬೇರೆ ಕೆಲಸ ಹುಡುಕಬೇಕಾಯಿತು. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ-ಯೆಜ್ಡಿ ದಿನ ಅಂತ ನೂರಾರು ಗಾಡಿ ಸೇರುವುದನ್ನು ನೋಡಿದವರಿಗೆ ಆ ಡಬಡಬ ಶಬ್ದ ಗೊತ್ತಿರುತ್ತದೆ. 2022ರಲ್ಲಿ ಯೆಜ್ಡಿ ಹೆಸರೂ ಹೊಸ ಗಾಡಿಯ ಮೇಲೆ ವಾಪಸ್ ಬಂತು. ಮುಚ್ಚಳ ತೆಗೆದು ಕಿವಿ ಕೊಡು ಅಂತ ಹೇಳುವವರು ಹೊಸ ಶೋರೂಮಿನಲ್ಲಿ ಸಿಗುತ್ತಾರೋ ಇಲ್ಲವೋ.

ದುಡ್ಡು ಎಷ್ಟು ಅಂತ ಕೇಳಿದರೆ, "ತಂತಿಗೆ ಎಂತ ದುಡ್ಡು?" ಅಂದರು. ಸೈಲೆನ್ಸರ್ ಬಿಚ್ಚಿದ್ದಕ್ಕೆ ಅಂತ ಒತ್ತಾಯ ಮಾಡಿ ನೂರು ರೂಪಾಯಿ ಕೊಟ್ಟು ಬಂದೆ.

ಭಾನುವಾರ ಮಾವನನ್ನು ಹಿಂದೆ ಕೂರಿಸಿಕೊಂಡು ಕಾರ್ಕಳದ ಗೊಮ್ಮಟನ ಬೆಟ್ಟದ ತನಕ ಹೋಗಿ ಬಂದೆ. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ, ಕಿವಿ ಇಂಜಿನ್ನಿನ ಮೇಲೇ ಇತ್ತು. ಬರುವಾಗ ಹ್ಯಾಂಡಲ್ ಅವರೇ ತೆಗೆದುಕೊಂಡರು. ಸೋಮವಾರ ಗುಜರಿಯವನು ಬಂದಾಗ ಅವನಿಗೆ ಹಳೇ ಫ್ರಿಜ್ಜು ಕೊಟ್ಟು ಕಳಿಸಿದರು.