ಒಂದು ಸೆಕೆಂಡಿಗೆ ಎಂಟು ಗುಂಡು: ವೇಗ ಇರೋದು ಕೈಯಲ್ಲಾ, ರಿವಾಲ್ವರ್‌ನಲ್ಲಾ?

ಯಲಹಂಕದ ನಮ್ಮ ಮನೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ಕಥೆ ಒಂದು ಸೋಲಿನಿಂದ ಶುರುವಾಗುತ್ತೆ. ಸೋತವನು ನಾನೇ.

ಕೆಲವು ವರ್ಷದ ಹಿಂದೆ ಗೆಳೆಯನ ಜೊತೆ ಒಂದು ಶೂಟಿಂಗ್ ಕ್ಲಬ್ಬಿಗೆ ಹೋಗಿದ್ದೆ. ಕೈಗೆ ಸಿಕ್ಕಿದ್ದು ಸವೆದುಹೋದ ಏರ್ ಪಿಸ್ತೂಲು. ಟ್ರಿಗರ್ ಎಷ್ಟು ಬಿಗಿ ಅಂದ್ರೆ, ಎಳೆದಾಗೆಲ್ಲ ಮೂತಿ ಕೆಳಕ್ಕೆ ವಾಲ್ತಿತ್ತು. ಹತ್ತರಲ್ಲಿ ಏಳು ಪೆಲೆಟ್ ಗುರಿಯ ಕಾಗದದಿಂದಲೇ ಆಚೆ. ಪಿಸ್ತೂಲ್ ಸರಿ ಇಲ್ಲ ಕಣೋ ಅಂದೆ. "ಕುಣಿಯೋಕೆ ಬಾರದವರು ನೆಲ ಡೊಂಕು ಅಂದ್ರಂತೆ" ಅಂತ ನಕ್ಕ.

ಆಮೇಲೆ ಈ ಆಟದ ಚರಿತ್ರೆ ಓದಿದಾಗ ಗೊತ್ತಾಯ್ತು: ನೆಲದ ಜಗಳ ಮೊದಲ ಒಲಿಂಪಿಕ್ಸ್‌ನಿಂದಲೇ ಇದೆ.

1896, ಅಥೆನ್ಸ್. ಅಮೆರಿಕದ ಜಾನ್ ಪೇನ್, ಸಮ್ನರ್ ಪೇನ್ ಎಂಬ ಅಣ್ಣತಮ್ಮಂದಿರು ತಮ್ಮ ರಿವಾಲ್ವರ್‌ಗಳನ್ನು ಹೊತ್ತು ಬಂದಿದ್ದರು. ಸೇನಾ ಪಿಸ್ತೂಲ್ ಸ್ಪರ್ಧೆಯಲ್ಲಿ ಮೊದಲ ಎರಡು ಸ್ಥಾನ ಇವರದ್ದೇ. ಆದರೆ ರ‍್ಯಾಪಿಡ್ ಫೈರ್, ಅಂದ್ರೆ ವೇಗದ ಸ್ಪರ್ಧೆಗೆ ಇವರನ್ನು ಸೇರಿಸಿಕೊಳ್ಳಲಿಲ್ಲ. ಕಾರಣ, ಇವರ ಆಯುಧದ ಕ್ಯಾಲಿಬರ್, ಅಂದ್ರೆ ಗುಂಡಿನ ಅಳತೆ, ನಿಯಮಕ್ಕೆ ಹೊಂದಲಿಲ್ಲ.

ರಿವಾಲ್ವರ್‌ನಲ್ಲಿ ವೇಗ ಯಾಕೆ ಕಷ್ಟ? ಟ್ರಿಗರ್‌ನ ಒಂದೇ ಎಳೆತಕ್ಕೆ ಗುಂಡಿನ ಉರುಳೆ ತಿರುಗಬೇಕು, ಹ್ಯಾಮರ್ ಹಿಂದಕ್ಕೆ ಹೋಗಬೇಕು, ಮತ್ತೆ ಬಂದು ಬಡಿಯಬೇಕು. ಅಷ್ಟೂ ಕೆಲಸ ಒಂದು ಬೆರಳಿನದ್ದು. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಾದರೆ ಸಿಡಿದ ಗುಂಡಿನ ಬಲವೇ ಮುಂದಿನ ಗುಂಡನ್ನು ತಂದು ಕೂರಿಸುತ್ತೆ.

ಆದರೂ 1932ರಲ್ಲಿ ಎಡ್ ಮೆಕ್‌ಗಿವರ್ನ್ ರಿವಾಲ್ವರ್‌ನಿಂದ 0.45 ಸೆಕೆಂಡಿನಲ್ಲಿ ಐದು ಗುಂಡು ಹಾರಿಸಿದ. 1999ರಲ್ಲಿ ಜೆರ್ರಿ ಮಿಕ್ಯುಲೆಕ್ ಒಂದೇ ಸೆಕೆಂಡಿನಲ್ಲಿ ಎಂಟು. ಅದಕ್ಕಿಂತ ನನಗೆ ಇಷ್ಟವಾಗೋದು ಅವನ ಇನ್ನೊಂದು ದಾಖಲೆ: ಆರು ಗುಂಡು ಹೊಡೆದು, ಖಾಲಿ ಮಾಡಿ, ಮತ್ತೆ ತುಂಬಿ, ಇನ್ನಾರು ಹೊಡೆದಿದ್ದು 2.99 ಸೆಕೆಂಡಿನಲ್ಲಿ. ಹೆಬ್ಬಾಳದಲ್ಲಿ ಸಿಗ್ನಲ್ ಹಸಿರಾಗಿ ಹಿಂದಿನವನು ಹಾರ್ನ್ ಒತ್ತೋಷ್ಟರಲ್ಲಿ! ಅಲ್ಲಿ ನೆರವಾಗಿದ್ದು ಮೂನ್ ಕ್ಲಿಪ್, ಆರೂ ಗುಂಡನ್ನು ಒಟ್ಟಿಗೆ ಹಿಡಿದಿಡೋ ತೆಳುವಾದ ಲೋಹದ ಬಿಲ್ಲೆ. ಒಂದೊಂದಾಗಿ ತುಂಬಿದ್ರೆ ಅದೇ ಕೈಗೂ ಮೂರು ಸೆಕೆಂಡು ಸಾಲ್ತಿರಲಿಲ್ಲ.

ಒಲಿಂಪಿಕ್ ರ‍್ಯಾಪಿಡ್ ಫೈರ್‌ನಲ್ಲೂ ಇದೇ ಕಥೆ. 25 ಮೀಟರ್ ದೂರ, ಐದು ಗುರಿ, ಐದು ಗುಂಡು. ಸಮಯ ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4. ಹಿಂದೆ ಕಡಿಮೆ ಒದೆಯೋ ಪಾಯಿಂಟ್ 22 ಶಾರ್ಟ್ ಗುಂಡು, ಹಗುರ ಟ್ರಿಗರ್ ಬಳಸ್ತಿದ್ರು. ಜರ್ಮನಿಯ ರಾಲ್ಫ್ ಶೂಮನ್ 600ಕ್ಕೆ 597 ಹೊಡೆದಿದ್ದು ಆ ಕಾಲದಲ್ಲಿ. 2005ರಿಂದ ನಿಯಮ ಬದಲಾಯ್ತು: ಗುಂಡು ಲಾಂಗ್ ರೈಫಲ್, ಟ್ರಿಗರ್ ತೂಕ ಕನಿಷ್ಠ 1000 ಗ್ರಾಂ. 2012ರ ಲಂಡನ್‌ನಲ್ಲಿ ರಷ್ಯಾದ ಕ್ಲಿಮೊವ್ ಅರ್ಹತಾ ಸುತ್ತಿನಲ್ಲಿ 592 ಹೊಡೆದಾಗ ಅದೇ ಹೊಸ ವಿಶ್ವದಾಖಲೆ. ಹಳೆಯದಕ್ಕಿಂತ ಐದು ಕಮ್ಮಿ!

ಆ ಸ್ಪರ್ಧೆಯಲ್ಲೇ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದಿದ್ದು. ಆಗ ಅವರು ಸೇನೆಯಲ್ಲಿ ಸುಬೇದಾರ್ ಆಗಿದ್ದರು. ಅಭ್ಯಾಸಕ್ಕೆ ಪಿಸ್ತೂಲು, ಗುಂಡು, ರೇಂಜ್, ಎಲ್ಲದಕ್ಕೂ ಸೇನೆಯ ಬೆನ್ನಾಸರೆ ಇತ್ತು.

ಸಮವಸ್ತ್ರ ಇಲ್ಲದವರ ಕಥೆ? ಯಲಹಂಕದಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್ ಎರಡರ ಕ್ಯಾಂಪಸ್ಸೂ ಇವೆ. ಕಾಂಪೌಂಡಿನ ಈಚೆ ಇರೋ ನಮ್ಮಂಥವರಿಗೆ ಪಾಯಿಂಟ್ 22 ಪಿಸ್ತೂಲಿಗೂ ಲೈಸೆನ್ಸ್ ಬೇಕು. ವಿದೇಶಿ ಪಿಸ್ತೂಲು ತರಿಸಬೇಕಂದ್ರೆ ಹೆಸರಾಂತ ಶೂಟರ್ ಅಂತ ಮಾನ್ಯತೆ ಬೇಕು. ಹೆಸರು ಬರೋಕೆ ಒಳ್ಳೆ ಪಿಸ್ತೂಲು ಬೇಕು. ಮದುವೆ ಆಗೋ ತನಕ ಹುಚ್ಚು ಬಿಡಲ್ಲ, ಹುಚ್ಚು ಬಿಡೋ ತನಕ ಮದುವೆ ಆಗಲ್ಲ!

ಹಾಗಾಗಿ ನಮ್ಮೂರ ಮಕ್ಕಳಿಗೆ ಸುಲಭವಾಗಿ ಸಿಗೋ ಬಾಗಿಲು ಏರ್ ಪಿಸ್ತೂಲು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದಿದ್ದು ಅದರಲ್ಲೇ. ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಿಂದ ಎರಡು ಬೆಳ್ಳಿ ತಂದಿದ್ದೂ ಅದರಲ್ಲೇ. ಅದು ಒಂದೊಂದೇ ಗುಂಡಿನ, ತಾಳ್ಮೆಯ ಆಟ. ನಮ್ಮಲ್ಲಿ ನಾಲ್ಕು ಸೆಕೆಂಡಿಗೆ ಹುಟ್ಟಿದ ಕೈಗಳೂ ಇರಬಹುದು. ಅವು ಆ ಪಿಸ್ತೂಲನ್ನು ಮುಟ್ಟಿಯೇ ಇಲ್ಲ, ನಮಗೆ ಗೊತ್ತಾಗೋದು ಹೇಗೆ?

ಈಚೆಗೆ ಬೇರೊಂದು ಕಡೆ ಒಳ್ಳೆಯ ಏರ್ ಪಿಸ್ತೂಲು ಹಿಡಿದೆ. ಹತ್ತರಲ್ಲಿ ಒಂಬತ್ತು ಕಾಗದದೊಳಗೆ ಬಿತ್ತು. ಉಳಿದ ಒಂದು ಮಾತ್ರ ನನ್ನ ಕೈಯದ್ದೇ ತಪ್ಪು, ಒಪ್ಕೊಂಡೆ.

ಮುಂದಿನ ವಾರ ಸಿಗೋಣ.